ಬಾಣಂತಿಯ ನರಕ್ಕೆ ಏರಿಸಿದ್ದು ಮದ್ದೋ, ಮೃತ್ಯುವೋ?

ಹೊಸಪೇಟೆಯ ಕಿರಾಣಿ ವ್ಯಾಪಾರಿಯ ತಕ್ಕಡಿ ಹತ್ತು ಗ್ರಾಂ ತಪ್ಪಿದರೆ ತೂಕ-ಅಳತೆ ಇಲಾಖೆ ದಂಡ ಹಾಕುತ್ತದೆ. ಗಿರಣಿಯ ಆಳು ತಡವಾಗಿ ಬಂದರೆ ಕೂಲಿ ಕಡಿತವಾಗುತ್ತದೆ. ಸಣ್ಣವರ ತಪ್ಪಿಗೆ ಈ ದೇಶದಲ್ಲಿ ಶಿಕ್ಷೆ ತಡವಾಗುವುದಿಲ್ಲ. ಸರ್ಕಾರಿ ಆಸ್ಪತ್ರೆಗೆ ಕಳಪೆ ಮದ್ದು ಬಂದರೆ ದಂಡ ತೆರುವವರು ಯಾರು?

2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರಲ್ಲಿ ಹಲವರ ಮೂತ್ರಪಿಂಡಗಳು ಸೋತವು. ಒಬ್ಬರ ಹಿಂದೆ ಒಬ್ಬರಂತೆ 5 ಮಂದಿ ತೀರಿಕೊಂಡರು. ಅದೇ ವಾರ, 13ರಂದು, ಸಂಡೂರಿನಲ್ಲಿ ಉಪಚುನಾವಣೆಯ ಮತದಾನ. ವೋಟು ಕೇಳಲು ಮಂತ್ರಿಗಳ ಕಾರುಗಳು ಕೆಂಧೂಳಿಯಲ್ಲಿ ಓಡಾಡಿದ ಜಿಲ್ಲೆಯಲ್ಲೇ ಕೂಸುಗಳು ತಬ್ಬಲಿಯಾದವು.

ಅನುಮಾನ ಬಿದ್ದದ್ದು ಶಸ್ತ್ರಚಿಕಿತ್ಸೆಯ ವೇಳೆ ಏರಿಸುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲೆ. ತಯಾರಿಸಿದ್ದು ಪಶ್ಚಿಮ ಬಂಗಾ ಫಾರ್ಮಾಸ್ಯುಟಿಕಲ್ಸ್. ಸರ್ಕಾರ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಸರಿ. ಆದರೆ ಈ ಎಚ್ಚರ ಹೆಣ ಬಿದ್ದ ಮೇಲೆ ಬಂದದ್ದೇಕೆ? ಆ ಕಂಪನಿಯ ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಕಳಪೆ ಎಂದಿತ್ತು. ಅವುಗಳಲ್ಲಿ ಕೆಲವನ್ನು ಕೇಂದ್ರದ ಪ್ರಯೋಗಾಲಯ ಸರಿ ಎಂದಿತು. ತಡೆಹಿಡಿದ ದಾಸ್ತಾನು ಮತ್ತೆ ವಾರ್ಡಿಗೆ ಹೋಯಿತು. ಕಾನೂನಿನ ಕಣ್ಣಿಗೆ ಕೇಂದ್ರದ ವರದಿಯೇ ಅಂತಿಮ. ಎರಡು ಪ್ರಯೋಗಾಲಯಗಳಿಗೆ ಒಮ್ಮತವಿಲ್ಲದ ನೀರನ್ನು ಯಾವ ಮಂತ್ರಿಯ ಮನೆಯ ಹೆಣ್ಣುಮಗಳಿಗೆ ಏರಿಸುತ್ತೀರಿ?

ಈ ನೀರು ಹೊಟ್ಟೆಗೆ ಹೋಗುವುದಲ್ಲ, ನೇರ ರಕ್ತಕ್ಕೆ ಸೇರುವುದು. ತಯಾರಿಕೆಯಲ್ಲಿ ಶುಚಿ ತಪ್ಪಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಿಸಿ ಹಬೆಯಲ್ಲಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಬಿಟ್ಟುಹೋದ ವಿಷ ಉಳಿಯುತ್ತದೆ. ಅದನ್ನು ನರ್ಸಮ್ಮನ ಕಣ್ಣಾಗಲಿ ಡಾಕ್ಟರ ಕೈಯಾಗಲಿ ಪತ್ತೆಮಾಡಲಾರದು, ಪ್ರಯೋಗಾಲಯವೇ ಮಾಡಬೇಕು. ಆದ್ದರಿಂದ ಆಸ್ಪತ್ರೆಯ ಸಿಬ್ಬಂದಿಯನ್ನು ಬೈದು ಕೈತೊಳೆದುಕೊಳ್ಳುವುದು ಸಲ್ಲದು.

1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ವಿಷ ಬೆರೆತ ಗ್ಲಿಸರಾಲಿನಿಂದ 14 ರೋಗಿಗಳು ಸತ್ತರು. ಲೆಂಟಿನ್ ಆಯೋಗ ಕುಳಿತಿತು. ಪಾಠ ಕಲಿತೆವೆಯೇ? 1940ರ ಔಷಧ ಕಾಯ್ದೆಯಲ್ಲಿ ಗುಣಮಟ್ಟವಿಲ್ಲದ ಮದ್ದಿಗೆ ಒಂದರಿಂದ ಎರಡು ವರ್ಷ ಸಜೆ ಇದೆ. 2023ರ ಜನವಿಶ್ವಾಸ ಕಾಯ್ದೆ ಆ ಅಪರಾಧವನ್ನೂ ಹಣ ಕಟ್ಟಿ ರಾಜಿ ಮಾಡಿಕೊಳ್ಳಲು ಬಾಗಿಲು ತೆರೆದಿದೆ. ಹೆಸರು ಜನವಿಶ್ವಾಸ, ಲಾಭ ಕಂಪನಿಗೆ!

ಹಣವಿಲ್ಲವೆನ್ನಬೇಡಿ. ಸಂಡೂರಿನ ಗುಡ್ಡ ಅಗೆದ ಅದಿರಿನ ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುತ್ತದೆ. ಆರೋಗ್ಯ ಅದರ ಆದ್ಯತೆಯ ಬಾಬು.

ನಮ್ಮ ಬೇಡಿಕೆಗಳು ಮೂರು. ಒಂದು, ಖನಿಜ ನಿಧಿಯಿಂದ ನಮ್ಮ ಭಾಗಕ್ಕೊಂದು ಔಷಧ ಪ್ರಯೋಗಾಲಯ ಕಟ್ಟಿ. ನರಕ್ಕೆ ಏರಿಸುವ ಪ್ರತಿ ಬ್ಯಾಚೂ ಪರೀಕ್ಷೆಯಾದ ಮೇಲೆಯೇ ವಾರ್ಡಿಗೆ ಹೋಗಲಿ. ಎರಡು, ವರದಿಗಳು ತಾಳೆಯಾಗದ ಬ್ಯಾಚನ್ನು ಯಾರಿಗೂ ಏರಿಸಕೂಡದು. ಮೂರು, ಪರೀಕ್ಷಾ ವರದಿಯನ್ನು ಆಸ್ಪತ್ರೆಯ ಗೋಡೆಗೆ ಕನ್ನಡದಲ್ಲಿ ಅಂಟಿಸಿ.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ! ಕಂಪ್ಲಿಯ ಕೂಲಿಯವಳೂ ಹಂಪಿಯಲ್ಲಿ ಎಳನೀರು ಮಾರುವವಳೂ ಹೆರಿಗೆಗೆ ಹೋಗುವುದು ಸರ್ಕಾರಿ ಆಸ್ಪತ್ರೆಗೇ. ಅಲ್ಲಿನ ಬಾಟಲಿಯಲ್ಲಿ ಏನಿದೆ ಎಂದು ಕೇಳುವುದು ಭಿಕ್ಷೆಯಲ್ಲ, ನಮ್ಮ ಹಕ್ಕು. ಮುಂದಿನ ಸಲ ವೋಟು ಕೇಳಲು ಬಂದವರ ಮುಂದೆ ಮೊದಲು ಈ ಪ್ರಶ್ನೆಯನ್ನೇ ಇಡಿ.