ಮಂಡಿಯ ಹಿಂದೆ ಮಿಡಿಯುವ ಗಂಟು

"ಮಾವನವರು 2001ರಲ್ಲಿ ಕೋಲಾರದ ಗಣಿ ಮುಚ್ಚುವವರೆಗೂ ದುಡಿದವರು. ಮಂಡಿಯ ಹಿಂದೆ ನಾಡಿಯಂತೆ ಮಿಡಿಯುವ ಗಂಟಿದೆ. ಅತ್ತೆ ದಿನಾ ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಸರಿಯೇ?" ಎಂದು ನಂದಿದುರ್ಗದ ಸೋದರಿಯೊಬ್ಬರು ಕೇಳಿದ್ದಾರೆ.

ಬೇಡಮ್ಮಾ, ತಿಕ್ಕುವುದೂ ಬೇಡ, ಶಾಖವೂ ಬೇಡ! ಸವೆದ ಸೈಕಲ್ ಟ್ಯೂಬಿನಂತೆ ರಕ್ತನಾಳ ಉಬ್ಬಿದ್ದಿರಬಹುದು. ಅಪರೂಪದ ಕಾಯಿಲೆ, ಬಂದರೆ ಹೆಚ್ಚಾಗಿ 60 ದಾಟಿದ ಗಂಡಸರಿಗೆ, ಅದರಲ್ಲೂ ಬೀಡಿ ಸೇದುವವರಿಗೆ. ಒಳಗೆ ಹೆಪ್ಪುಗಟ್ಟಿದ ರಕ್ತ ಜಾರಿ ಕೆಳಗಿನ ನಾಳ ಮುಚ್ಚಿದರೆ ಕಾಲೇ ಹೋದೀತು.

ನೋವಿಲ್ಲದಿದ್ದರೂ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಸುಮಾರು ಅರ್ಧ ಮಂದಿಗೆ ಎರಡೂ ಕಾಲಿನಲ್ಲಿರುತ್ತದೆ. ಹೊಟ್ಟೆಯ ದೊಡ್ಡ ನಾಳವನ್ನೂ ನೋಡಿಸಿ. 2 ಸೆಂಟಿಮೀಟರ್ ಮುಟ್ಟಿದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕು.

ಆಪರೇಷನ್ ಎಂದರೆ ಹೆದರಬೇಡಿ. ಈಗ ತೊಡೆಸಂದಿಯಲ್ಲಿ ಸಣ್ಣ ತೂತು ಮಾಡಿ, ಬಟ್ಟೆಯಂಥ ಹೊದಿಕೆಯ ಲೋಹದ ಕೊಳವೆಯನ್ನು ನಾಳದೊಳಗೆ ಕೂಡಿಸುತ್ತಾರೆ. ಬೇಗ ಓಡಾಡಬಹುದು. ಆದರೆ ಮಂಡಿ ಮಡಿಸುವ ಜಾಗವಾದ್ದರಿಂದ ಕೊಳವೆ ಮುಚ್ಚಿಕೊಳ್ಳುವುದುಂಟು. ಹಾಗಾಗಿ ಕೆಲವರಿಗೆ ಅವರದೇ ಕಾಲಿನ ಸಿರೆಯಿಂದ ಬದಲಿ ದಾರಿ ಮಾಡುವ ಆಪರೇಷನ್ನೇ ಮೇಲು. ಆಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ವೈದ್ಯರು ಹೇಳದೆ ಬಿಡಬಾರದು.

ಪಾದ ಏಕಾಏಕಿ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಬೆಂಗಳೂರಿನ ಬೆಳಗಿನ ರೈಲಿಗೆಂದು ಕಾಯಬೇಡಿ. ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ. ಕಾಲು ಉಳಿಯುವುದು ಗಂಟೆಗಳ ಲೆಕ್ಕದಲ್ಲಿ.