ಬಿಲ ಯಾರದು?

ಮಳೆಗಾಲ ಹಿಂದೆ ಸರಿಯುವ ದಿನಗಳಲ್ಲಿ ಕಲಘಟಗಿ ಸೀಮೆಯ ಹಿತ್ತಲುಗಳಲ್ಲಿ, ಶಾಲೆಯ ಅಂಗಳಗಳಲ್ಲಿ, ಗುಡಿಯ ಮುಂದಿನ ಹುಲ್ಲಿನ ನೆಲದಲ್ಲಿ ಬೆಳಗಾಗುವುದರೊಳಗೆ ಹೊಸ ಗುಂಡಿಗಳು ಕಾಣಿಸಿಕೊಳ್ಳುತ್ತವೆ. ಕಂಡೊಡನೆ ‘ಹೆಗ್ಗಣದ ಕೆಲಸ’ ಎಂದು ತೀರ್ಮಾನಿಸಿ, ಪೇಟೆಯಿಂದ ವಿಷ ತಂದು ಸಿಕ್ಕ ಸಿಕ್ಕ ಗುಂಡಿಗೆಲ್ಲ ಇಡುವ ರೂಢಿ ನಮ್ಮಲ್ಲಿ ಬೇರೂರಿದೆ. ಇದನ್ನು ನಾವು ವಿರೋಧಿಸುವುದು ಹೆಗ್ಗಣದ ಮೇಲಿನ ಕನಿಕರದಿಂದಲ್ಲ. ನೆಲ ಅಗೆಯುವ ಪ್ರಾಣಿಗಳಲ್ಲಿ ಅನೇಕವು ನಮ್ಮ ವೈರಿಗಳಲ್ಲ. ವಿಷಕ್ಕೋ ಆ ವಿವೇಚನೆ ಇಲ್ಲ.

ಗುಂಡಿಯೇ ತನ್ನ ಒಡೆಯನ ಗುರುತು ಹೇಳುತ್ತದೆ. ಬೆರಳುದ್ದದ ಆಳವಿಲ್ಲದ ಕೆದಕು ಗುಂಡಿಗಳು ಹುಲ್ಲಿನ ನಡುವೆ ಚದುರಿದ್ದರೆ ಅದು ಬಿಲವಲ್ಲ, ಊಟದ ಜಾಗ. ಮುಂಗುಸಿಯೋ ಉಡವೋ ಹುಳು ಹುಡುಕಿದೆ. ಅಲ್ಲಿ ಒಂದಿಷ್ಟು ಮಣ್ಣು ತೆಗೆದು ನೋಡಿದರೆ ಬೇರು ಕಡಿಯುವ ಗೊಣ್ಣೆ ಹುಳು ಸಿಗುವುದು ಅಪರೂಪವಲ್ಲ. ರೋಗ ಗೊಣ್ಣೆಯದು, ಮುಂಗುಸಿ ಬಂದದ್ದು ಚಿಕಿತ್ಸೆಗೆ. ನೆಲವನ್ನು ನೇಗಿಲು ಹೊಡೆದಂತೆ ಮಗುಚಿದ್ದರೆ ಕಾಡುಹಂದಿ. ಗೆಡ್ಡೆಗೆಣಸು ಕಿತ್ತು, ಒಂದೆರಡು ಮುಳ್ಳು ಉದುರಿಸಿ ಹೋಗಿದ್ದರೆ ಮುಳ್ಳುಹಂದಿ. ಭತ್ತದ ಗದ್ದೆಯ ಬದುವಿನಲ್ಲಿ ದುಂಡನೆಯ ತೂತು, ಬಾಯಲ್ಲಿ ಕೆಸರಿನ ಉಂಡೆಗಳಿದ್ದರೆ ಏಡಿ. ಹುತ್ತವನ್ನು ಒಡೆದು ಒಳಗೆ ತೋಡಿದ್ದರೆ ಅದು ಚಿಪ್ಪುಹಂದಿಯಾಗಿರಬಹುದು. ಗೆದ್ದಲು, ಇರುವೆಗಳ ಹೊರತು ಬೇರೇನನ್ನೂ ಬಯಸದ ಈ ಪ್ರಾಣಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದರ ಹೆಸರಿದೆ.

ಇನ್ನು ಹೆಗ್ಗಣ. ಬಾಯಿಯ ಬಳಿ ಸಡಿಲ ಮಣ್ಣಿನ ಗುಪ್ಪೆ, ಆ ಮಣ್ಣಿನಿಂದಲೇ ಒಳಗಿನಿಂದ ಮುಚ್ಚಿದ ದ್ವಾರ: ಇದು ಅದರ ಸಹಿ. ಶೇಂಗಾ ಕಾಯಿ, ಭತ್ತದ ತೆನೆಗಳನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ಹೊತ್ತೊಯ್ದು ಕೂಡಿಡುತ್ತದೆ. ತಮಿಳುನಾಡಿನ ಇರುಳರು ಬಿಲ ಅಗೆದು ಇಲಿ ಹಿಡಿಯುವಾಗ ಆ ಕಾಳನ್ನೂ ಮರಳಿ ಪಡೆಯುತ್ತಾರೆ. (ವಿದ್ಯಾರ್ಥಿ ಮಿತ್ರರಿಗೆ ಒಂದು ಎಚ್ಚರಿಕೆ: ಹಳೆಯ ಬಿಲದಲ್ಲಿ ನಾಗರವೋ ಕೊಳಕುಮಂಡಲವೋ ಇರಬಹುದು, ಕೈ ಹಾಕಬೇಡಿ.) ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಬೇಸಿಗೆಯ ಬಿರುಕುಗಳೇ ಇಲಿಗಳಿಗೆ ಸಿದ್ಧ ಮನೆ; ನಮ್ಮ ಕಡೆ ಅಗಲವಾದ, ಕಸ ಬೆಳೆದ ಬದುಗಳು. ಬದುವನ್ನು ಕಿರಿದಾಗಿಸಿ ಶುಚಿಯಾಗಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಬಿಲದಲ್ಲಿ ಜೀವವಿದೆಯೇ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿ, ಮರುದಿನ ಬೆಳಗ್ಗೆ ತೆರೆದವುಗಳನ್ನು ಎಣಿಸಬೇಕು. ಉಪಚಾರ ಬೇಕಾದದ್ದು ಅವಕ್ಕೆ ಮಾತ್ರ. ಅಲ್ಲಿಯೂ ಮೊದಲು ಬೋನು, ಅಗೆತ, ವಿಷ ಕೊನೆಗೆ. ಸತುವಿನ ಫಾಸ್ಫೈಡ್ ಹೊಟ್ಟೆ ಸೇರಿದರೆ ಅದಕ್ಕೆ ಪ್ರತಿವಿಷವಿಲ್ಲ, ಮಕ್ಕಳಿಗೂ ಇಲ್ಲ, ಎತ್ತಿಗೂ ಇಲ್ಲ. ಬ್ರೋಮಾಡಿಯೋಲೋನ್ ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ತಡವರಿಸುತ್ತ ಓಡಾಡುತ್ತದೆ. ಅಂಥ ಇಲಿಗಳನ್ನು ಹಿಡಿದು ತಿನ್ನುವ ಕಣಜ ಗೂಬೆಯ ಯಕೃತ್ತಿನಲ್ಲಿ ಆ ವಿಷ ಸಂಗ್ರಹವಾಗುತ್ತ ಹೋಗುತ್ತದೆ. ರಾತ್ರಿಯಿಡೀ ಕೂಲಿಯಿಲ್ಲದೆ ಹೊಲ ಕಾಯುವ ಹಕ್ಕಿಯನ್ನು ಅಪಶಕುನವೆಂದು ಓಡಿಸುವುದೇ ಸಾಲದೆಂಬಂತೆ, ಅದಕ್ಕೆ ವಿಷವನ್ನೂ ಉಣಿಸುತ್ತಿದ್ದೇವೆ. ಅದರ ಬದಲು ಹೊಲದ ನಡುವೆ ಗೂಬೆ ಕೂರಲು ಅಡ್ಡಪಟ್ಟಿ ಹೊಡೆದ ನಾಲ್ಕು ಗೂಟ ನೆಡಬಹುದು.

ಒಬ್ಬನೇ ರೈತ ತನ್ನ ಹೊಲದ ಹೆಗ್ಗಣಗಳನ್ನು ಕೊಂದರೆ ಪಕ್ಕದ ಹೊಲದವು ಕೆಲವೇ ವಾರಗಳಲ್ಲಿ ಬಂದು ನೆಲೆಸುತ್ತವೆ. ಆದ್ದರಿಂದ ಬಿತ್ತನೆಗೆ ಮುಂಚಿನ ಬೇಸಿಗೆಯ ಕೊನೆಯಲ್ಲಿ, ಹೊರಗೆ ಆಹಾರ ಕಡಿಮೆಯಿರುವಾಗ, ಇಡೀ ಊರು ಒಂದೇ ವಾರ ಈ ಕೆಲಸಕ್ಕೆ ಇಳಿಯಬೇಕು. ಗ್ರಾಮ ಪಂಚಾಯಿತಿಗಳು ದಿನ ಗೊತ್ತುಮಾಡಲಿ. ಬಿಲ ಗುರುತಿಸುವ ಹೊಣೆಯನ್ನು ಪ್ರೌಢಶಾಲೆಯ ಮಕ್ಕಳು ದೊಡ್ಡವರ ಜೊತೆ ಸೇರಿ ಹೊರಲಿ. ವಿಷ ಇಡಲೇಬೇಕಾದ ಕಡೆ ಉಳಿದ ತಿನಿಸನ್ನೂ ಸತ್ತ ಇಲಿಗಳನ್ನೂ ಕೈಚೀಲ ತೊಟ್ಟು ಹೆಕ್ಕಿ, ನಾಯಿ ಕೆದರದಷ್ಟು ಆಳದಲ್ಲಿ, ಹಳ್ಳ ಬಾವಿಗಳಿಂದ ದೂರ ಹೂಳುವವರು ಯಾರೆಂಬುದೂ ಅಂದೇ ಹೆಸರು ಹಿಡಿದು ತೀರ್ಮಾನವಾಗಲಿ.