ಬೈಕಿನ ಪೆಟ್ರೋಲು ಮತ್ತು ಸೀಸೆಯ ಮದ್ದು

ಪೆಟ್ರೋಲಿಗೆ ಬೆರೆಸುವ ಮದ್ದಿನ ಸೀಸೆಗಳನ್ನು ನಮ್ಮ ಸಂಘದ ಮಾರಾಟ ಮಳಿಗೆಯಲ್ಲೂ ತರಿಸಿಡಬೇಕೆಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ಎಥನಾಲ್ ಬೆರೆತ ಪೆಟ್ರೋಲು ಬಂದ ಮೇಲೆ ಬೈಕು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಮೈಲೇಜು ಸಿಗುವುದಿಲ್ಲ, ಸೀಸೆ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಅವರ ವಾದ. ಅವರ ತೊಂದರೆ ಸುಳ್ಳಲ್ಲ. ಆದರೆ ರೋಗ ಒಂದು, ಮದ್ದು ಇನ್ನೊಂದು ಆಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಸಂಘದ ಹಣವೆಂದರೆ ಸದಸ್ಯರ ಹಣ. ಅದನ್ನು ಸೀಸೆಗಳ ಮೇಲೆ ತೊಡಗಿಸುವ ಮೊದಲು ನಾಲ್ಕು ಮಾತು ಹೇಳುವುದು ಅಗತ್ಯವೆನಿಸಿತು.

ಎರಡು ಮೂರು ಎಕರೆಯ ಬೆಳೆಗಾರನಿಗೆ ಬೈಕು ಶೋಕಿಯ ವಸ್ತುವಲ್ಲ. ಗೊಬ್ಬರದ ಚೀಲ, ಮೈಲುತುತ್ತು, ಹಾಲಿನ ಕ್ಯಾನು, ಶಾಲೆಗೆ ಹೋಗುವ ಮಕ್ಕಳು ಎಲ್ಲಕ್ಕೂ ಅದೇ ಆಧಾರ. ಕಳೆದ ಮಳೆಗಾಲದಲ್ಲಿ ಜ್ವರ ಬಂದಿದ್ದ ಮನೆಯವರನ್ನು ಹಿಂದೆ ಕೂರಿಸಿಕೊಂಡು ಪೇಟೆಗೆ ಹೊರಟವನು ಘಾಟಿಯ ತಿರುವಿನಲ್ಲಿ ನಿಲ್ಲಬೇಕಾಯಿತು. ರಿಸರ್ವಿಗೆ ತಿರುಗಿಸಿದ ಸ್ವಲ್ಪ ಹೊತ್ತಿಗೇ ನನ್ನ ಹಳೆಯ ಬೈಕು ಕೆಮ್ಮಿ ಕೆಮ್ಮಿ ನಿಂತುಹೋಯಿತು. ಹಿಂದಿನಿಂದ ಹಾಲಿನ ಜೀಪು ಬಾರದಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಎರಡು ದಿನದ ಹಿಂದೆಯಷ್ಟೇ ನಾನೂ ಒಂದು ಸೀಸೆ ಮದ್ದನ್ನು ಟ್ಯಾಂಕಿಗೆ ಸುರಿದಿದ್ದೆ! ಮೆಕ್ಯಾನಿಕ್ ಕಾರ್ಬುರೇಟರಿನ ಕೆಳಗಿನ ಬಟ್ಟಲನ್ನು ಬಿಚ್ಚಿದಾಗ ಅದರಲ್ಲಿದ್ದದ್ದು ನೀರು ಮತ್ತು ತುಕ್ಕಿನ ಕೆಸರು. ಟ್ಯಾಂಕಿನ ಮುಚ್ಚಳದ ರಬ್ಬರು ಬಿರುಕು ಬಿಟ್ಟಿತ್ತು. ಮುಚ್ಚಳದ ಸುತ್ತ ನಿಂತ ಮಳೆನೀರು ಇಳಿದುಹೋಗಬೇಕಾದ ಸಣ್ಣ ತೂತು ಮಣ್ಣಿನಿಂದ ಕಟ್ಟಿಕೊಂಡಿತ್ತು. ನೀರು ಹೊರಗೆ ಹೋಗುವ ಬದಲು ಟ್ಯಾಂಕಿನೊಳಗೆ ಹೋಗಿತ್ತು.

ಪೆಟ್ರೋಲಿಗೆ ಎಥನಾಲ್ ಬೆರೆಸುವುದು ನಿನ್ನೆ ಮೊನ್ನೆಯ ಸಂಗತಿಯಲ್ಲ. 2003ರಲ್ಲಿಯೇ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಶೇಕಡ 5ರ ಮಿಶ್ರಣ ಆರಂಭವಾಯಿತು. 2022ರ ಜೂನ್ ವೇಳೆಗೆ ದೇಶದಲ್ಲಿ ಅದು ಶೇ. 10 ಮುಟ್ಟಿತು. ಶೇ. 20 ಎಥನಾಲ್ ಇರುವ ಇ-20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದ ಉದ್ದಗಲಕ್ಕೂ ಹರಡಿತು. ಈ ಎಥನಾಲ್ ತಯಾರಾಗುವುದು ಕಬ್ಬು, ಕಾಕಂಬಿ, ಮೆಕ್ಕೆಜೋಳ ಮತ್ತು ಅಕ್ಕಿಯಿಂದ. ಬೆಳಗಾವಿಯ ಕಬ್ಬಿನ ಬೆಳೆಗಾರರೂ ದಾವಣಗೆರೆಯ ಮೆಕ್ಕೆಜೋಳದ ಬೆಳೆಗಾರರೂ ನಮ್ಮಂತೆ ಬೆಳೆ ನಂಬಿ ಬದುಕುವವರೇ. ಅವರ ಮಾಲಿಗೆ ಬೇಡಿಕೆ ಬಂದರೆ ನಾವು ಅಸೂಯೆ ಪಡಬೇಕಾದ್ದಿಲ್ಲ. ಹೊರದೇಶದ ಎಣ್ಣೆಗೆ ಕೊಡುವ ಹಣ ಅಷ್ಟು ಉಳಿಯುವುದೂ ಒಳ್ಳೆಯದೇ.

ಇನ್ನು ಮೈಲೇಜಿನ ಮಾತು. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಆದ್ದರಿಂದ ಮೈಲೇಜು ಇಳಿಯುವುದು ಸಹಜ. 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ವರದಿಯೇ ಹಳೆಯ ಮಾದರಿಯ ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4ರಷ್ಟು ನಷ್ಟವಾಗುವುದೆಂದು ಅಂದಾಜು ಮಾಡಿತ್ತು. ಲೀಟರಿಗೆ 60 ಕಿಲೋಮೀಟರ್ ಓಡುವ ಬೈಕನ್ನು ತಿಂಗಳಿಗೆ 600 ಕಿಲೋಮೀಟರ್ ಓಡಿಸುವವರಿಗೆ 10 ಲೀಟರ್ ಬೇಕಿದ್ದಲ್ಲಿ ಈಗ ಇನ್ನೊಂದು ಅರ್ಧ ಲೀಟರಿಗಿಂತ ಕಡಿಮೆಯೇ ಹೆಚ್ಚಿಗೆ ಬೇಕಾಗುತ್ತದೆ. ಸೀಸೆಯ ಬೆಲೆ 150 ರೂಪಾಯಿ ಎಂದಿಟ್ಟುಕೊಂಡರೂ, ಅರ್ಧ ಲೀಟರಿನ ನಷ್ಟ ತಪ್ಪಿಸಲು ಒಂದೂವರೆ ಲೀಟರಿನ ಹಣ ಕೊಟ್ಟಂತಾಯಿತು. ಅಷ್ಟು ಕೊಟ್ಟರೂ ನಷ್ಟ ತಪ್ಪುವುದಿಲ್ಲ. ಪೆಟ್ರೋಲಿನಲ್ಲಿ ಇಲ್ಲದ ಶಕ್ತಿಯನ್ನು ಒಂದು ಮುಚ್ಚಳ ಮದ್ದು ತಂದುಕೊಡಲಾರದು.

ನಮ್ಮ ಮಲೆನಾಡಿಗೆ ನಿಜವಾದ ತೊಡಕು ಮೈಲೇಜಲ್ಲ, ನೀರು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಆಷಾಢದಲ್ಲಿ ಒಲೆಯ ಮೇಲೆ ಹರವಿದ ಬಟ್ಟೆಯೂ ಒಣಗದ ಊರುಗಳು ನಮ್ಮವು. ಬರಿಯ ಪೆಟ್ರೋಲಿಗೂ ನೀರಿಗೂ ಹೊಂದಿಕೆಯಿಲ್ಲ. ಎಥನಾಲ್ ಮಾತ್ರ ನೀರನ್ನು ಎಳೆದುಕೊಳ್ಳುತ್ತದೆ. ನೀರು ತೀರ ಸ್ವಲ್ಪವಿದ್ದರೆ ಅದರಲ್ಲಿ ಕರಗಿ ಎಂಜಿನ್ನಿನಲ್ಲಿ ಉರಿದುಹೋಗುತ್ತದೆ. ಮಿತಿ ಮೀರಿತೆಂದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಡನೆ ಸೇರಿ ತಳಕ್ಕೆ ಇಳಿಯುತ್ತದೆ. ಚಳಿ ಹೆಚ್ಚಿದಷ್ಟೂ ಈ ಮಿತಿ ಕಡಿಮೆ. ರಿಸರ್ವಿನಲ್ಲಿ ಎಂಜಿನ್ನಿಗೆ ಹೋಗುವುದು ತಳದ್ದೇ ಆದ್ದರಿಂದ ಬೈಕು ಅಲ್ಲಿಯೇ ಕೈಕೊಡುತ್ತದೆ.

ಇದನ್ನು ಮನೆಯಂಗಳದಲ್ಲಿಯೇ ನೋಡಬಹುದು. ಬೆಂಕಿ, ಬೀಡಿ ಹತ್ತಿರವಿಲ್ಲದ ಬಯಲಿನಲ್ಲಿ, ಗೀರು ಹಾಕಿದ ಗಾಜಿನ ಅಳತೆ ಕೊಳವೆಗೆ 10 ಮಿ.ಲೀ. ನೀರು ಹಾಕಿ, 100ರ ಗೀರಿನವರೆಗೆ ಪೆಟ್ರೋಲು ತುಂಬಿ, ಬಾಯಿ ಮುಚ್ಚಿ ಅಲುಗಾಡಿಸಿ, ಹತ್ತು ನಿಮಿಷ ಬಿಡಿ. 90 ಮಿ.ಲೀ. ಇ-20 ಪೆಟ್ರೋಲಿನಲ್ಲಿ 18 ಮಿ.ಲೀ. ಎಥನಾಲ್ ಇರುತ್ತದೆ. ಅದು ನೀರಿಗಿಳಿದು ಕೆಳಗಿನ ಪದರ 28ರ ಸಮೀಪಕ್ಕೆ ಏರುವುದು ಕಾಣುತ್ತದೆ. ಟ್ಯಾಂಕಿನೊಳಗೆ ಹೀಗೆ ಬೇರ್ಪಟ್ಟದ್ದನ್ನು ಯಾವ ಸೀಸೆಯ ಮದ್ದೂ ಮತ್ತೆ ಒಳ್ಳೆಯ ಪೆಟ್ರೋಲಾಗಿ ಮಾಡುವುದಿಲ್ಲ. ಪೂರ್ತಿ ಬಸಿದು ಒರೆಸುವುದೊಂದೇ ದಾರಿ.

ಕಳೆ ಕೊಚ್ಚುವ ಯಂತ್ರದಲ್ಲಿ ಅಪಾಯ ಇನ್ನೂ ಹೆಚ್ಚು. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನೊಡನೆ ಬರುವ 2ಟಿ ಆಯಿಲೇ ಜೀವ. ತಳಕ್ಕಿಳಿದ ನೀರು ಮತ್ತು ಎಥನಾಲಿನಲ್ಲಿ ಆ ಆಯಿಲು ಬೆರೆಯುವುದಿಲ್ಲ. ಆ ಪದರವೇ ಎಂಜಿನ್ನಿಗೆ ಹೋದರೆ ಪಿಸ್ಟನ್ ಹಿಡಿದುಕೊಂಡು ಸಾವಿರಾರು ರೂಪಾಯಿಯ ರಿಪೇರಿ ಖಚಿತ. ಹೋದ ವರ್ಷದ ಕ್ಯಾನಿನಲ್ಲಿ ಉಳಿದ ಪೆಟ್ರೋಲನ್ನು ಈ ವರ್ಷ ಯಂತ್ರಕ್ಕೆ ಹಾಕುವ ಅಭ್ಯಾಸವನ್ನು ಬಿಟ್ಟುಬಿಡಬೇಕು.

ಪೇಟೆಯಲ್ಲಿ ಸಿಗುವ ಸೀಸೆಗಳು ಎಲ್ಲವೂ ಒಂದೇ ಬಗೆಯವಲ್ಲ. ಇಂಗಾಲದ ಕೊಳೆ ತೆಗೆಯುವ ದ್ರವವಿದೆ. ಕೊಳೆ ಕಟ್ಟಿದ ಇಂಜೆಕ್ಟರಿಗೆ ಅದು ಉಪಯೋಗಕ್ಕೆ ಬರಬಹುದು, ಆದರೆ ಪ್ರತಿ ಬಾರಿ ಪೆಟ್ರೋಲು ತುಂಬಿಸುವಾಗ ಬೇಕಿಲ್ಲ. ಪೆಟ್ರೋಲು ಬೇಗ ಹಳಸದಂತೆ ತಡೆಯುವ ದ್ರವವಿದೆ. ಅದು ತಾಜಾ ಪೆಟ್ರೋಲನ್ನು ಕಾಯಬಲ್ಲದು, ಕೆಟ್ಟದ್ದನ್ನು ರಿಪೇರಿ ಮಾಡಲಾರದು. ಆಕ್ಟೇನ್ ಹೆಚ್ಚಿಸುವ ದ್ರವ ಮೂರನೆಯದು. ಆಕ್ಟೇನ್ ಎಂಬುದು ಶಕ್ತಿಯ ಅಳತೆಯಲ್ಲ. ಎಂಜಿನ್ನಿನಲ್ಲಿ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿಯದೆ ತಡೆದುಕೊಳ್ಳುವ ಗುಣದ ಅಳತೆ. ಎಥನಾಲ್ ತಾನೇ ಆಕ್ಟೇನನ್ನು ಏರಿಸುತ್ತದೆ. ಬೈಕಿನ ಕೈಪಿಡಿಯಲ್ಲಿ 91 ಸಾಕೆಂದಿದ್ದರೆ ಅದಕ್ಕಿಂತ ಮೇಲಿನದಕ್ಕೆ ಕೊಟ್ಟ ಹಣ ಹೊಗೆಯಾಗಿ ಹೋದಂತೆ. 95 ಆಕ್ಟೇನಿನ ದುಬಾರಿ ಪೆಟ್ರೋಲೆಂದರೆ ಎಥನಾಲ್ ಇಲ್ಲದ್ದು ಎಂದೂ ಭಾವಿಸಬಾರದು.

ಸೀಮೆಎಣ್ಣೆ ಬೆರೆಸುವುದು, ನುಸಿಗುಳಿಗೆ ಹಾಕುವುದು, ಫೋರ್-ಸ್ಟ್ರೋಕ್ ಬೈಕಿನ ಟ್ಯಾಂಕಿಗೆ 2ಟಿ ಆಯಿಲು ಸುರಿಯುವುದು ಇವು ಇನ್ನೂ ಕೆಟ್ಟವು. ಸೀಮೆಎಣ್ಣೆ ಆಕ್ಟೇನನ್ನು ಇಳಿಸಿ ಎಂಜಿನ್ನು ಬಡಿಯುವಂತೆ ಮಾಡುತ್ತದೆ, ಎಂಜಿನ್ ಆಯಿಲನ್ನೂ ತೆಳುವಾಗಿಸುತ್ತದೆ. 2020ರ ನಂತರದ ಬಿ.ಎಸ್.-6 ಬೈಕುಗಳ ಸೈಲೆನ್ಸರಿನಲ್ಲಿ ಹೊಗೆ ಶುದ್ಧಿ ಮಾಡುವ ದುಬಾರಿ ಭಾಗವಿರುವುದರಿಂದ ಈ ಪ್ರಯೋಗಗಳ ಬೆಲೆ ಇನ್ನೂ ಹೆಚ್ಚು.

ಹಾಗಾದರೆ ಮಾಡಬೇಕಾದ್ದೇನು? ವ್ಯಾಪಾರ ಚೆನ್ನಾಗಿರುವ ಬಂಕಿನಲ್ಲಿಯೇ ಪೆಟ್ರೋಲು ಹಾಕಿಸಿ; ಅಲ್ಲಿ ಮಾಲು ಹಳತಾಗುವುದಿಲ್ಲ. ಮಳೆಗಾಲಕ್ಕೆ ಮೊದಲು ಟ್ಯಾಂಕಿನ ಮುಚ್ಚಳದ ರಬ್ಬರು, ನೀರಿಳಿಯುವ ತೂತು, ಪೆಟ್ರೋಲು ಪೈಪು, ಫಿಲ್ಟರು ಇವನ್ನು ನೋಡಿಸಿ. ಹಳೆಯ ಬೈಕುಗಳ ರಬ್ಬರು ಭಾಗಗಳು ಎಥನಾಲಿಗೆ ಬೇಗ ಸೋಲುತ್ತವೆ. ಕಾರ್ಬುರೇಟರಿನ ಬೈಕು ಮೂರು ನಾಲ್ಕು ವಾರ ನಿಲ್ಲುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಪೂರ್ತಿ ಬಸಿಯಿರಿ. ಇಂಜೆಕ್ಷನ್ ಬೈಕಾದರೆ ಪಂಪು ಟ್ಯಾಂಕಿನೊಳಗೇ ಇರುವುದರಿಂದ ಬಸಿಯುವುದು ಬೇಡ. ಟ್ಯಾಂಕು ತುಂಬಿಸಿಟ್ಟು ವಾರಕ್ಕೊಮ್ಮೆ ಓಡಿಸಿ. ಕಳೆ ಯಂತ್ರಕ್ಕೆ ತಿಂಗಳಿಗೆ ಬೇಕಾದಷ್ಟೇ ತನ್ನಿ. 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ. ಆಯಿಲು, 50ಕ್ಕೆ 1 ಎಂದಿದ್ದರೆ 20 ಮಿ.ಲೀ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತನ್ನು ಕಣ್ಣಂದಾಜಿನಲ್ಲಿ ಹಾಕದ ನಾವು ಇಲ್ಲೇಕೆ ಮುಚ್ಚಳದ ಲೆಕ್ಕ ಹಿಡಿಯಬೇಕು?

ಸಂಘದ ಮಳಿಗೆಯಲ್ಲಿ ಇಡಬೇಕಾದದ್ದೂ ಇವೇ: ಎಥನಾಲ್ ತಡೆಯುವ ಪೆಟ್ರೋಲು ಪೈಪು, ಫಿಲ್ಟರು, ಮುಚ್ಚಳದ ರಬ್ಬರು, ಒಳ್ಳೆಯ 2ಟಿ ಆಯಿಲು ಮತ್ತು ಒಂದು ಅಳತೆ ಲೋಟ. ಮೇ ತಿಂಗಳಲ್ಲಿ ಒಂದು ದಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಸದಸ್ಯರ ಬೈಕುಗಳನ್ನು ಮಳೆಗಾಲಕ್ಕೆ ಸಜ್ಜುಗೊಳಿಸಿದರೆ ಸೀಸೆಗಳ ಲಾಭಕ್ಕಿಂತ ದೊಡ್ಡ ಲಾಭವಾಗುತ್ತದೆ.

ಸರ್ಕಾರಕ್ಕೂ ಒಂದು ಮಾತು ತಲುಪಬೇಕು. ಹಳೆಯ ವಾಹನಗಳ ರಕ್ಷಣೆಗಾಗಿ ಇ-10 ಪೆಟ್ರೋಲು ದೊರೆಯುತ್ತಿರಬೇಕೆಂಬ ವಿಚಾರ 2021ರ ಆ ವರದಿಯಲ್ಲಿಯೇ ಇತ್ತು. ಎಥನಾಲ್ ರಹಿತ ಪೆಟ್ರೋಲಿನ ಆಯ್ಕೆ ಬೇಕೆಂದು ಹೂಡಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ನ್ಯಾಯಾಲಯದ ಬಾಗಿಲು ಮುಚ್ಚಿದರೂ ಮನವಿಯ ಬಾಗಿಲು ಮುಚ್ಚಿಲ್ಲ. ಹೊಸ ಬೈಕು ಕೊಳ್ಳುವುದು ಅಡಿಕೆಯ ಧಾರಣೆ, ಕಾಫಿಯ ಫಸಲು ಎರಡೂ ಕೂಡಿಬಂದ ವರ್ಷದಲ್ಲಿ ಮಾತ್ರ ನಮಗೆ ಸಾಧ್ಯ. ಅಲ್ಲಿಯವರೆಗೆ ಹಳೆಯದರಲ್ಲೇ ಓಡಾಡಬೇಕಾದ ನಮಗೆ, ಮಳೆ ಹೆಚ್ಚಿರುವ ತಾಲೂಕುಗಳಲ್ಲಾದರೂ ಇ-10 ಸಿಗಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಬರುವ ಮಹಾಸಭೆಯಲ್ಲಿ ಸೀಸೆಗಳ ಖರೀದಿಯನ್ನು ಕೈಬಿಟ್ಟು, ಈ ಮನವಿಯ ಠರಾವನ್ನು ಅಂಗೀಕರಿಸಬೇಕೆಂದು ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ.